ಅಪ್ಪನ ಕಾಗದದಲ್ಲಿ ಆಸ್ತಿಯ ಲೆಕ್ಕ

1764ರ ಜನವರಿಯಲ್ಲಿ ಮೇರಿಲ್ಯಾಂಡಿನ ಅನ್ನಾಪೊಲಿಸ್ ಪಟ್ಟಣದಿಂದ ಚಾರ್ಲ್ಸ್ ಕ್ಯಾರೊಲ್ ಎಂಬ ಜಮೀನ್ದಾರ ಲಂಡನ್ನಿನಲ್ಲಿದ್ದ ತನ್ನ ಒಬ್ಬನೇ ಮಗನಿಗೆ ಕಾಗದ ಬರೆದ. ಮಗನ ಹೆಸರೂ ಚಾರ್ಲ್ಸ್ ಕ್ಯಾರೊಲ್, ಮನೆಯವರಿಗೆ ಚಾರ್ಲಿ. ಇಪ್ಪತ್ತಾರು ವರ್ಷದ ಆತ ಲೂಯಿಸಾ ಬೇಕರ್ ಎಂಬ ಹುಡುಗಿಯನ್ನು ಮೆಚ್ಚಿಕೊಂಡಿದ್ದ. ಹೆಣ್ಣಿನ ಕಡೆಯವರೊಂದಿಗೆ ಮಾತುಕತೆ ಮುಂದುವರಿಯಬೇಕಾದರೆ ಗಂಡಿನ ಕಡೆಯ ಸ್ಥಿತಿಗತಿ ಗೊತ್ತಾಗಬೇಕು. ಅಪ್ಪ ಕೂತು ಪಟ್ಟಿ ಮಾಡಿದ. ನಲವತ್ತು ಸಾವಿರ ಎಕರೆ ಭೂಮಿ, 40,000 ಪೌಂಡ್. ಕಬ್ಬಿಣದ ಕಾರ್ಖಾನೆಯಲ್ಲಿ ಐದನೇ ಒಂದು ಪಾಲು, 10,000. ಅನ್ನಾಪೊಲಿಸ್‌ನಲ್ಲಿ ಇಪ್ಪತ್ತು ನಿವೇಶನ ಮತ್ತು ಮನೆಗಳು, 4,000. ಗುಲಾಮರು 285, ತಲೆಗೆ ಸರಾಸರಿ 30ರಂತೆ 8,550. ದನ, ಕುದುರೆ, ಬೇಸಾಯದ ಸಲಕರಣೆ, 1,000. ಮನೆಯ ಬೆಳ್ಳಿ ಪಾತ್ರೆ, 600. ಬಡ್ಡಿಗೆ ಕೊಟ್ಟ ಸಾಲದ ಬಾಕಿ, 24,230. ಒಟ್ಟು 88,380 ಪೌಂಡ್ ಸ್ಟರ್ಲಿಂಗ್, ಮೇಲೆ ಚಿಲ್ಲರೆ ಶಿಲಿಂಗ್.

ಇದನ್ನು ಮನೆಯ ಕಾಗದ ಎನ್ನೋಣವೇ, ವ್ಯವಹಾರದ ಕಾಗದ ಎನ್ನೋಣವೇ? ಮಗನ ಮದುವೆಯ ಮಾತು ಇರುವುದರಿಂದ ಮನೆಯದು. ಅಸಲು, ಬಡ್ಡಿ, ಬೆಲೆ ಇರುವುದರಿಂದ ವ್ಯವಹಾರದ್ದು. ಹಳೆಯ ಮನೆತನಗಳ ಪತ್ರಸಂಗ್ರಹಗಳನ್ನು ಜೋಡಿಸುವವರು ಬಹುಕಾಲದಿಂದ ಈ ಎರಡು ಜಾತಿಗಳನ್ನು ಬೇರೆಬೇರೆ ಪೆಟ್ಟಿಗೆಗೆ ಹಾಕುತ್ತ ಬಂದಿದ್ದಾರೆ. ಒಂದು ಪೆಟ್ಟಿಗೆಯಲ್ಲಿ ಖಾಸಗಿ ಪತ್ರಗಳು, ಇನ್ನೊಂದರಲ್ಲಿ ಖಾತೆ, ರಸೀದಿ, ದಲ್ಲಾಳಿಗಳ ಓಲೆ. ಜೀವನಚರಿತ್ರೆ ಬರೆಯುವವರು ಮೊದಲನೆಯದನ್ನು ತೆರೆಯುತ್ತಾರೆ, ಆರ್ಥಿಕ ಇತಿಹಾಸಕಾರರು ಎರಡನೆಯದನ್ನು. ಅಮೆರಿಕದ ಮೊದಲ ಕಾಲದ ಸಿರಿವಂತ ಮನೆತನಗಳ ಮಟ್ಟಿಗೆ ಈ ವಿಂಗಡಣೆ ತಪ್ಪು ಎಂಬುದು ನನ್ನ ವಾದ. ಅನುಕೂಲಕ್ಕೆಂದು ಮಾಡಿಕೊಂಡ ಸಣ್ಣ ತಪ್ಪು ಎಂದು ಇದನ್ನು ಬಿಟ್ಟುಬಿಡಲಾಗದು. ಆ ಮನೆತನಗಳು ಯಾವುದರ ಮೇಲೆ ನಿಂತಿದ್ದವೋ ಅದು ಈ ವಿಂಗಡಣೆಯಿಂದಾಗಿ ಓದುಗನ ಕಣ್ಣಿಗೇ ಬೀಳದಂತಾಗುತ್ತದೆ.

ಕ್ಯಾರೊಲ್ ಮನೆತನವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇವರು ಐರ್ಲೆಂಡಿನ ಕ್ಯಾಥೊಲಿಕರು. ಅಲ್ಲಿ ಭೂಮಿ ಕಳೆದುಕೊಂಡ ವಂಶದ ಕುಡಿಯೊಬ್ಬ 1688ರಲ್ಲಿ ಮೇರಿಲ್ಯಾಂಡಿಗೆ ಬಂದ. ಬಂದ ಮರುವರ್ಷವೇ ಅಲ್ಲಿಯೂ ಪ್ರಾಟೆಸ್ಟಂಟರ ಕೈ ಮೇಲಾಯಿತು. ಅವನ ಮಗನ, ಎಂದರೆ ಆ ಕಾಗದ ಬರೆದ ಹಿರಿಯ ಕ್ಯಾರೊಲ್‌ನ ಕಾಲಕ್ಕೆ ಕ್ಯಾಥೊಲಿಕರಿಗೆ ಮತದಾನವಿಲ್ಲ, ಸರ್ಕಾರಿ ಹುದ್ದೆಯಿಲ್ಲ, ತಮ್ಮ ಮತದ ಶಾಲೆ ನಡೆಸುವ ಹಕ್ಕಿಲ್ಲ. 1756ರಲ್ಲಿ ಅವರ ಭೂಮಿಗೆ ಇಮ್ಮಡಿ ಕಂದಾಯ ಬಿತ್ತು. ಆ ಸಿಟ್ಟಿನಲ್ಲಿ ಹಿರಿಯ ಕ್ಯಾರೊಲ್ ಇದ್ದಬದ್ದದ್ದನ್ನೆಲ್ಲ ಮಾರಿ ಫ್ರೆಂಚರ ಲೂಯಿಸಿಯಾನಕ್ಕೆ ಹೊರಟುಹೋಗುವ ಯೋಚನೆಯನ್ನೂ ಮಾಡಿದ್ದ. ರಾಜ್ಯಾಧಿಕಾರ ಇಲ್ಲದವನಿಗೆ ಆಸ್ತಿಯೊಂದೇ ಕೋಟೆ. ಆ ಕೋಟೆಯನ್ನು ಕಾಯಬಲ್ಲ ಮಗನೊಬ್ಬ ಬೇಕು. ಮಗನನ್ನು ಊರಿನಲ್ಲಿ ಓದಿಸುವಂತಿಲ್ಲ. 1748ರ ಹೊತ್ತಿಗೆ, ಇನ್ನೂ ಹನ್ನೊಂದು ತುಂಬುವ ಆಸುಪಾಸಿನ ಹುಡುಗನನ್ನು ಫ್ರಾನ್ಸಿನ ಸೇಂಟ್ ಒಮರ್‌ನ ಇಂಗ್ಲಿಷ್ ಜೆಸ್ಯುಯಿಟ್ ಶಾಲೆಗೆ ಕಳಿಸಿದ. ಚಾರ್ಲಿ ತವರಿಗೆ ಹಿಂದಿರುಗಿದ್ದು 1765ರಲ್ಲಿ. ಈ ನಡುವೆ ಅಪ್ಪ ಒಮ್ಮೆ ಯೂರೋಪಿಗೆ ಹೋಗಿ ಬಂದದ್ದು ಬಿಟ್ಟರೆ ಹತ್ತಿರಹತ್ತಿರ ಹದಿನೇಳು ವರ್ಷ ಆ ಸಂಬಂಧ ಬದುಕಿದ್ದು ಕಾಗದದ ಮೇಲೆ.

ಆ ಕಾಗದಗಳು ಹೇಗೆ ಹೋಗುತ್ತಿದ್ದವು ಎಂಬುದೇ ನನ್ನ ಮಾತಿಗೆ ಮೊದಲ ಸಾಕ್ಷಿ. ಚೆಸಪೀಕ್ ಕೊಲ್ಲಿಯಿಂದ ಹೊಗೆಸೊಪ್ಪಿನ ಪೀಪಾಯಿ ತುಂಬಿಕೊಂಡು ಲಂಡನ್ನಿಗೆ ಹೊರಟ ಹಡಗಿನಲ್ಲೇ ಕಾಗದವೂ ಹೋಗಬೇಕು. ಅನುಕೂಲ ಗಾಳಿಯಿದ್ದರೂ ದಾಟಲು ವಾರಗಟ್ಟಲೆ ಹಿಡಿಯುತ್ತಿತ್ತು, ಇಲ್ಲದಿದ್ದರೆ ತಿಂಗಳುಗಟ್ಟಲೆ. ಯುದ್ಧಕಾಲದಲ್ಲಿ ಶತ್ರುಗಳು ಹಡಗು ಹಿಡಿಯುತ್ತಿದ್ದರು. ಅದಕ್ಕಾಗಿ ಮುಖ್ಯವಾದ ಪತ್ರವನ್ನು ಎರಡು ಮೂರು ಪ್ರತಿ ಮಾಡಿ ಬೇರೆಬೇರೆ ಹಡಗಿಗೆ ಹಾಕುವುದು ವಾಡಿಕೆ. ಲಂಡನ್ನಿನಲ್ಲಿ ಸರಕು ಇಳಿಸಿಕೊಳ್ಳುವ ವರ್ತಕನೇ ಪತ್ರವನ್ನೂ ತೆಗೆದುಕೊಂಡು ಮುಂದಕ್ಕೆ ಸಾಗಿಸುತ್ತಿದ್ದ. ಹೊಗೆಸೊಪ್ಪು ಮಾರಿ ಬಂದ ಹಣದಲ್ಲಿ ಹುಡುಗನ ಖರ್ಚಿಗೂ ಅವನೇ ಕೊಡುತ್ತಿದ್ದ. ಅಪ್ಪನ ಮಮತೆ ಮತ್ತು ಅಪ್ಪನ ದುಡ್ಡು ಒಂದೇ ಕೈಯಿಂದ ಒಂದೇ ಕೈಗೆ ದಾಟುತ್ತಿದ್ದವು. ಬರೆಯುವವನಿಗೇ ಇಲ್ಲದ ವಿಂಗಡಣೆಯನ್ನು ಓದುವ ನಾವು ಎಲ್ಲಿಂದ ತರುವುದು?

ಒಳಗಿನ ಮಾತೂ ಹಾಗೆಯೇ ಇದೆ. ಓದು ಹೇಗೆ ಸಾಗಿದೆ, ಯಾರ ಸಹವಾಸ, ಎಷ್ಟು ಖರ್ಚು ಎಂಬ ಪ್ರಶ್ನೆಗಳ ಜೊತೆಗೇ ಲೆಕ್ಕ ಬರೆಯುವುದನ್ನು ಕಲಿ, ಭೂಮಿ ಅಳೆಯುವುದನ್ನು ಕಲಿ, ಕಾನೂನು ಕಲಿ ಎಂಬ ಒತ್ತಾಯ. ಚಾರ್ಲಿಗೆ ಕಾನೂನು ಹಿಡಿಸಲಿಲ್ಲ. ಬೇಸರವೆಂದು ಮತ್ತೆ ಮತ್ತೆ ಬರೆದ. ಅಪ್ಪ ಬಗ್ಗಲಿಲ್ಲ. ನಿನ್ನ ಹಿತಕ್ಕೆ ಹೇಳುತ್ತಿದ್ದೇನೆ ಎಂಬುದೂ, ನನ್ನ ಆಸ್ತಿಯನ್ನು ನಾಳೆ ನ್ಯಾಯಾಲಯದಲ್ಲಿ ಉಳಿಸಿಕೊಳ್ಳುವವನು ನೀನು ಎಂಬುದೂ ಆ ಕಾಗದಗಳಲ್ಲಿ ಒಂದೇ ಮಾತು. ಮಗನ ಮೇಲಿನ ಪ್ರೀತಿಯನ್ನು ಅಪ್ಪ ಮುಚ್ಚಿಟ್ಟುಕೊಂಡಿರಲಿಲ್ಲ. ಅದು ನಿಜವಾದದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಪ್ರೀತಿಗೆ ಒಂದು ಷರತ್ತು ಇತ್ತು.

ಷರತ್ತು ಎಷ್ಟು ಬಿಗಿಯಾದದ್ದೆಂದು ತಿಳಿಯಲು ಚಾರ್ಲಿಯ ತಾಯಿಯ ಕಡೆ ನೋಡಬೇಕು. ಎಲಿಜಬೆತ್ ಬ್ರೂಕ್ 1737ರಲ್ಲಿ ಅವನನ್ನು ಹೆತ್ತಳು. ಅವಳನ್ನು ಹಿರಿಯ ಕ್ಯಾರೊಲ್ ಕಾನೂನುಬದ್ಧವಾಗಿ ಮದುವೆಯಾದದ್ದು 1757ರಲ್ಲಿ. ಅಷ್ಟು ವರ್ಷ ಆಕೆ ಅವನ ಮನೆಯಲ್ಲಿ ಹೆಂಡತಿಯಂತೆ ಬಾಳಿದಳು. ಮಗ ಮಾತ್ರ ಕಾನೂನಿನ ಕಣ್ಣಿಗೆ ಹಕ್ಕುದಾರನಲ್ಲ. ತಾನು ವಿಧವೆಯಾದರೆ ಗಂಡನ ಆಸ್ತಿಯಲ್ಲಿ ಸಿಗಬೇಕಾದ ಪಾಲನ್ನು ಬಿಟ್ಟುಕೊಡುವ ಕರಾರಿಗೆ ಆಕೆ ಮದುವೆಗೆ ಮುಂಚೆ ಸಹಿ ಹಾಕಿದಳು. ಈ ಪತ್ರಗಳನ್ನು ಸಂಪಾದಿಸಿದ ಇತಿಹಾಸಕಾರ ರೊನಾಲ್ಡ್ ಹಾಫ್‌ಮನ್ ಇದನ್ನು ಹೀಗೆ ಅರ್ಥಮಾಡುತ್ತಾರೆ: ಹುಡುಗ ಆಸ್ತಿ ಹೊರಲು ತಕ್ಕವನೆಂದು ರುಜುವಾತಾಗುವವರೆಗೆ ಅಪ್ಪ ತನ್ನ ಕೈ ಬಿಚ್ಚದೆ ಇಟ್ಟುಕೊಂಡ. ನನಗೆ ಈ ಅರ್ಥ ಒಪ್ಪಿಗೆ. ಬರಿಯ ಕೌಟುಂಬಿಕ ಪತ್ರಗಳನ್ನು ಓದಿದರೆ ನಮಗೆ ಕಟ್ಟುನಿಟ್ಟಾದ, ಅಂತಃಕರಣವುಳ್ಳ ಒಬ್ಬ ತಂದೆ ಸಿಗುತ್ತಾನೆ. ಕರಾರು ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ, ಮಗನಿಗೆ ತಾನು ಮಗನೆಂಬ ಹಕ್ಕನ್ನೇ ಇಪ್ಪತ್ತು ವರ್ಷ ತಡೆಹಿಡಿದ ಯಜಮಾನ ಕಾಣುತ್ತಾನೆ. ಇಬ್ಬರೂ ಒಬ್ಬನೇ. ಮೊದಲನೆಯವನನ್ನು ಮಾತ್ರ ತೋರಿಸುವ ಪುಸ್ತಕ ಸುಳ್ಳು ಹೇಳಿದಂತೆ, ಅದರ ಒಂದೊಂದು ವಾಕ್ಯವೂ ನಿಜವಾಗಿದ್ದರೂ.

ತಾಯಿ 1761ರ ಮಾರ್ಚಿನಲ್ಲಿ ತೀರಿಕೊಂಡಳು. ಹುಡುಗನಾಗಿ ಮನೆ ಬಿಟ್ಟ ಮಗ ಮತ್ತೆ ಅವಳ ಮುಖ ನೋಡಲೇ ಇಲ್ಲ. ಸಾವಿನ ಸುದ್ದಿ ಅವನನ್ನು ಮುಟ್ಟಿದ್ದೂ ಸಮುದ್ರ ದಾಟಿದ ಕಾಗದದಿಂದಲೇ. ಅವಳ ಕೈಬರಹದಲ್ಲಿ ಉಳಿದಿರುವ ಪತ್ರಗಳು ಗಂಡನವುಗಳ ಮುಂದೆ ತೀರ ಕಡಿಮೆ. ಆಸ್ತಿಯ ಹಕ್ಕನ್ನು ಬಿಟ್ಟುಕೊಟ್ಟವಳ ಮಾತು ದಾಖಲೆಯಲ್ಲೂ ಕಡಿಮೆಯಾಗುವುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಯಾವ ಕಾಗದವನ್ನು ಕಾಪಾಡಬೇಕು ಎಂದು ಆ ಮನೆಗಳಲ್ಲಿ ತೀರ್ಮಾನಿಸುತ್ತಿದ್ದದ್ದು ಮುಂದೆ ನ್ಯಾಯಾಲಯದಲ್ಲಿ ಅದು ಬೇಕಾಗಬಹುದೇ ಎಂಬ ಲೆಕ್ಕಾಚಾರ.

ಬೇಕರ್ ಸಂಬಂಧ ಕೂಡಿಬರಲಿಲ್ಲ. ಊರಿಗೆ ಬಂದ ಮೇಲೆ ನಿಶ್ಚಯವಾದ ಸೋದರ ಸಂಬಂಧಿ ರೇಚಲ್ ಕುಕ್ 1766ರಲ್ಲಿ ಮದುವೆಗೆ ಮುಂಚೆಯೇ ತೀರಿಕೊಂಡಳು. ಕೊನೆಗೆ 1768ರ ಜೂನಿನಲ್ಲಿ ಇನ್ನೊಬ್ಬ ಸಂಬಂಧಿ, ಮಾಲಿ ಡಾರ್ನಲ್ ಎಂಬವಳನ್ನು ಚಾರ್ಲಿ ಮದುವೆಯಾದ. ಹುಡುಗಿ ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲವಾದ್ದರಿಂದ ಅವಳು ಹಾಕುವ ಸಹಿ ಕಾನೂನಿನಲ್ಲಿ ನಿಲ್ಲುತ್ತಿರಲಿಲ್ಲ. ಆಸ್ತಿಯ ಕರಾರಿಗೆ ಆಕೆ ಸಹಿ ಹಾಕುವಂತಾಗಲು ಮೇರಿಲ್ಯಾಂಡಿನ ಶಾಸನಸಭೆಯಿಂದ ಪ್ರತ್ಯೇಕ ಕಾಯಿದೆಯನ್ನೇ ಮಾಡಿಸಿದರು. ಹಣವಿಲ್ಲದ ಹುಡುಗಿಯನ್ನು ಒಲಿದು ಮದುವೆಯಾಗುವ ಮಗ, ಆ ಒಲವಿಗೆ ಮುಂಚೆ ಕರಾರು ಮುಗಿಯಲಿ ಎನ್ನುವ ಅಪ್ಪ, ಅಪ್ಪನ ಮಾತಿಗೆ ಮಗನ ಪೂರ್ಣ ಒಪ್ಪಿಗೆ. ಇದನ್ನು ಯಾವ ಪೆಟ್ಟಿಗೆಗೆ ಹಾಕುವುದು?

ದಕ್ಷಿಣ ಕ್ಯಾರೊಲೈನಾದ ಎಲೈಜಾ ಲ್ಯೂಕಸ್ ಪಿಂಕ್ನಿಯ ಪತ್ರಪುಸ್ತಕದಲ್ಲಿ ಇದೇ ವಿಷಯ ಇನ್ನೊಂದು ದಿಕ್ಕಿನಿಂದ ಕಾಣುತ್ತದೆ. ಆ ಕಾಲದ ವ್ಯವಹಾರಸ್ಥರು ತಾವು ಬರೆದ ಪ್ರತಿ ಪತ್ರದ ನಕಲನ್ನೋ ಸಾರಾಂಶವನ್ನೋ ಒಂದು ಬೈಂಡು ಪುಸ್ತಕದಲ್ಲಿ ದಿನಾಂಕದ ಕ್ರಮದಲ್ಲಿ ಎತ್ತಿಟ್ಟುಕೊಳ್ಳುತ್ತಿದ್ದರು. ಅಪ್ಪ ಸೈನ್ಯದ ಕೆಲಸಕ್ಕೆ ಆಂಟಿಗುವಾ ದ್ವೀಪಕ್ಕೆ ಮರಳಿದಾಗ ಎಲೈಜಾಗೆ ಹದಿನಾರು ಹದಿನೇಳು ವಯಸ್ಸು. ಮೂರು ತೋಟಗಳ ಉಸ್ತುವಾರಿ ಅವಳ ಪಾಲಿಗೆ ಬಂತು. 1739ರಿಂದ ಶುರುವಾಗುವ ಅವಳ ಪುಸ್ತಕದಲ್ಲಿ ಗೆಳತಿಗೆ ಬರೆದ ಹರಟೆ, ಅಪ್ಪ ಸೂಚಿಸಿದ ಗಂಡನ್ನು ಒಲ್ಲೆನೆಂದು ಬರೆದ ದಿಟ್ಟ ಉತ್ತರ, ನೀಲಿ ಬೆಳೆ ಹಿಮಕ್ಕೆ ಸಿಕ್ಕು ಹಾಳಾದ ವರದಿ, ಅಕ್ಕಿಯ ಧಾರಣೆ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. 1758ರ ಜುಲೈನಲ್ಲಿ ಗಂಡ ಮಲೇರಿಯಾದಿಂದ ಸತ್ತಾಗ ಮಕ್ಕಳಿಬ್ಬರು ಇಂಗ್ಲೆಂಡಿನ ಶಾಲೆಯಲ್ಲಿದ್ದರು. ಅವರಿಗೆ, ತನ್ನ ತಾಯಿಗೆ, ಶಾಲೆಯವರಿಗೆ ಸಾವಿನ ಸುದ್ದಿ ಬರೆದ ಕೈಯೇ ಲಂಡನ್ನಿನ ದಲ್ಲಾಳಿಗೂ ತೋಟದ ವ್ಯವಹಾರ ಬರೆಯಿತು. ಹೆಂಗಸಿಗೆ ಅಂಗಡಿ ಕೋಣೆ ಬೇರೆ, ಒಳಮನೆ ಬೇರೆ ಎಂಬ ಸವಲತ್ತು ಇರಲಿಲ್ಲ. ಅವಳ ಮೊಮ್ಮಕ್ಕಳ ಕಾಲದ ಓದುಗರು ಅವಳಲ್ಲಿ ಆದರ್ಶ ತಾಯಿಯನ್ನು ಹುಡುಕಿದರು, ನಮ್ಮ ಕಾಲದವರು ಉದ್ಯಮಶೀಲ ಹೆಣ್ಣನ್ನು ಹುಡುಕುತ್ತಾರೆ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಅನುಕ್ರಮವಾಗಿ ಓದಿದವರಿಗೆ ಎರಡೂ ಸಾಲದು.

ಸಾಲದೇಕೆಂದರೆ, ಆ ಪುಟಗಳಲ್ಲಿ ಕ್ವಾಷ್ ಎಂಬವನಿದ್ದಾನೆ. ಅವನು ಗುಲಾಮ, ಬಡಗಿ. ನೀಲಿ ಎಲೆಯನ್ನು ನೆನೆಹಾಕಿ, ಬಡಿದು, ಬಣ್ಣ ಇಳಿಸುವ ತೊಟ್ಟಿಗಳ ಕೆಲಸದಲ್ಲಿ ಅವನ ಕೈಯಿತ್ತು. ಸ್ಪೇನಿನವರ ವಶದಲ್ಲಿದ್ದ ಸೇಂಟ್ ಅಗಸ್ಟೀನ್ ಪಟ್ಟಣಕ್ಕೆ ಗುಲಾಮರು ಓಡಿಹೋಗಲು ಸಂಚು ಮಾಡಿದ್ದಾರೆಂಬ ಆರೋಪದಲ್ಲಿ ಅವನ ವಿಚಾರಣೆ ನಡೆಯಿತು. ತಾನು ನಿರಪರಾಧಿಯೆಂದು ಅವನು ತೋರಿಸಿಕೊಂಡ. ಅಪ್ಪನಿಗೆ ಬರೆದ ವರದಿಯ ಟಿಪ್ಪಣಿಯಲ್ಲಿ ಎಲೈಜಾ ಇದನ್ನು ದಾಖಲಿಸಿದ್ದಾಳೆ. ಗೆಳತಿಯರಿಗೆ ಬರೆದ, ಎಲ್ಲರೂ ಮೆಚ್ಚುವ ಪತ್ರಗಳಲ್ಲಿ ಅವನು ಸಿಗುವುದಿಲ್ಲ. ಅಮೆರಿಕದ ಪಠ್ಯಪುಸ್ತಕಗಳಲ್ಲಿ ಅವಳು ನೀಲಿ ಬೆಳೆ ತಂದ ಹುಡುಗಿ. ಆ ಬೆಳೆಯನ್ನು ನಿಜಕ್ಕೂ ಸಾಧ್ಯಮಾಡಿದ ಕೈಗಳ ಸುಳಿವು ಇರುವುದು ತೋಟದ ವ್ಯವಹಾರದ ಸಾಲುಗಳಲ್ಲಿ.

ಇಲ್ಲಿಗೆ ನನ್ನ ವಾದದ ತಿರುಳಿಗೆ ಬಂದೆ. ಅಮೆರಿಕದ ಕೇಂದ್ರ ಸರ್ಕಾರದ ಜನಗಣತಿ 1850ರಲ್ಲೂ 1860ರಲ್ಲೂ ಗುಲಾಮರನ್ನು ಎಣಿಸಿತು. ಪಟ್ಟಿಯಲ್ಲಿ ಒಡೆಯನ ಹೆಸರು ಇರುತ್ತದೆ, ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಮಾತ್ರ. ಆ ಕುಟುಂಬಗಳೆಲ್ಲ ಹೆಸರಿನೊಂದಿಗೆ ಜನಗಣತಿಗೆ ಸೇರಿದ್ದು 1870ರಲ್ಲಿ. ತನ್ನ ಮುತ್ತಜ್ಜಿಯ ಅಜ್ಜಿ ಯಾರೆಂದು ಹುಡುಕುವ ಕಪ್ಪು ಅಮೆರಿಕನ್ನನಿಗೆ ಆ ವರ್ಷದ ಆಚೆಗೆ ದಾರಿ ಗೋಡೆ ಕಟ್ಟಿದಂತೆ ಮುಚ್ಚಿಹೋಗಿರುತ್ತದೆ. ಆ ಗೋಡೆಯಲ್ಲಿ ಬಿರುಕೆಂದರೆ ಒಡೆಯರ ಕಾಗದಪತ್ರ: ಕಂಬಳಿ ಹಂಚಿದ ಪಟ್ಟಿ, ವೈದ್ಯನ ಬಿಲ್ಲು, ಉಯಿಲು, ಅಡಮಾನದ ದಸ್ತಾವೇಜು, ಮೇಲ್ವಿಚಾರಕನ ವರದಿ. 1773ರ ಡಿಸೆಂಬರಿನಲ್ಲಿ ಕ್ಯಾರೊಲ್ ಮನೆತನ ಡೂಹೊರೆಗನ್ ಎಂಬ ತಮ್ಮ ದೊಡ್ಡ ಜಮೀನಿನಲ್ಲಿದ್ದ ಗುಲಾಮರ ಪಟ್ಟಿ ಮಾಡಿಸಿತು. ಕುಟುಂಬವಾರು, ವಯಸ್ಸಿನ ಸಹಿತ. ಯಜಮಾನನಿಗೆ ಅದು ಆಸ್ತಿಯ ದಾಸ್ತಾನು. ಆದರೆ ತಾಯಿ ಯಾರು, ಮಕ್ಕಳು ಯಾರು, ಯಾರ ವಯಸ್ಸೆಷ್ಟು ಎಂದು ಹೇಳುವ ಇನ್ನೊಂದು ಪುಸ್ತಕ ಆ ಮಕ್ಕಳ ಸಂತತಿಯವರಿಗೆ ಸುಲಭದಲ್ಲಿ ಸಿಗದು. ಪತ್ರಸಂಗ್ರಹ ಮುದ್ರಿಸುವಾಗ ಇಂಥದ್ದನ್ನು ಒಣ ಲೆಕ್ಕವೆಂದು ಬಿಟ್ಟರೆ, ಪುಟ ಉಳಿಸಿದ್ದಕ್ಕೆ ಒಂದು ಜನಸಮೂಹದ ವಂಶಾವಳಿಯನ್ನು ತೆತ್ತಂತೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು: ತಂದೆ ಮಗನಿಗೆ ಬರೆದ ಪ್ರೀತಿಯ ಮಾತನ್ನು ಅದರಷ್ಟಕ್ಕೆ ಓದಬಾರದೇಕೆ, ಎಲ್ಲವನ್ನೂ ಗುಲಾಮಗಿರಿಯ ತಕ್ಕಡಿಗೆ ಹಾಕುವುದು ಇಂದಿನ ನೀತಿಯನ್ನು ಹಿಂದಿನವರ ಮೇಲೆ ಹೇರಿದಂತಲ್ಲವೇ? ಹೇರುವ ಅಗತ್ಯವೇ ಇಲ್ಲವೆಂಬುದು ನನ್ನ ಉತ್ತರ. 285 ಜನರನ್ನು ಮಗನ ಮದುವೆಯ ಮಾತಿನ ನಡುವೆ ತಂದು ಕೂರಿಸಿದ್ದು ನಾವಲ್ಲ, ಹಿರಿಯ ಕ್ಯಾರೊಲ್. ನಿವೇಶನಗಳ ಕೆಳಗೆ, ದನಕರುಗಳ ಮೇಲೆ ಅವರಿಗೆ ಜಾಗ ಕೊಟ್ಟವನೂ ಅವನೇ. ಅವನು ಒಟ್ಟಿಗೆ ಬರೆದದ್ದನ್ನು ಒಟ್ಟಿಗೆ ಓದಿ ಎನ್ನುವುದು ಅವನಿಗೆ ಮಾಡುವ ಅನ್ಯಾಯವಲ್ಲ.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ, ಮತ್ತು ನನ್ನನ್ನು ಹೆಚ್ಚು ಕಾಡುತ್ತದೆ. ಒಡೆಯನ ಪಟ್ಟಿಯಲ್ಲಿ ಹೆಸರು ಸಿಕ್ಕ ಮಾತ್ರಕ್ಕೆ ಆ ಮನುಷ್ಯ ಸಿಕ್ಕನೇ? ಕ್ವಾಷ್ ವಿಚಾರಣೆಯಲ್ಲಿ ಏನು ಹೇಳಿದ ಎಂದು ನಮಗೆ ಗೊತ್ತಾಗುವುದು ಒಡತಿಯ ಟಿಪ್ಪಣಿಯಿಂದ. ಡೂಹೊರೆಗನ್‌ನ ತಾಯಂದಿರು ತಮ್ಮ ಮಕ್ಕಳಿಗೆ ಏನು ಹೇಳುತ್ತಿದ್ದರು ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ. ನಿಜ. ಲೆಕ್ಕದ ಕಾಗದ ಅವರಿಗೆ ದನಿ ಕೊಡುವುದಿಲ್ಲ. ಆದರೆ ಅವರು ಅಲ್ಲಿದ್ದರು, ಇಂಥ ಕೆಲಸ ಬಲ್ಲವರಾಗಿದ್ದರು, ಇಂಥವರಿಗೆ ಸಂಬಂಧಪಟ್ಟವರಾಗಿದ್ದರು ಎಂಬಷ್ಟನ್ನು ಅದು ಹೇಳುತ್ತದೆ. ಅಷ್ಟೂ ಇಲ್ಲದಿದ್ದರೆ ಮಿಕ್ಕದ್ದನ್ನು ಕೇಳುವುದಕ್ಕೂ ನಮಗೆ ತೋಚದು.

ವ್ಯವಹಾರದ ಪತ್ರವೆಂದರೆ ಒಣಕಲು ಎಂಬ ಭಾವನೆಯೂ ಹೋಗಬೇಕು. 1777ರಲ್ಲಿ ಮೇರಿಲ್ಯಾಂಡಿನ ಶಾಸನಸಭೆ, ಹಳೆಯ ಸ್ಟರ್ಲಿಂಗ್ ಸಾಲಗಳನ್ನು ದಿನೇದಿನೇ ಬೆಲೆ ಕಳೆದುಕೊಳ್ಳುತ್ತಿದ್ದ ಕಾಗದದ ಹಣದಲ್ಲಿ ತೀರಿಸಬಹುದೆಂದು ಕಾಯಿದೆ ಮಾಡಿತು. ಇಪ್ಪತ್ತನಾಲ್ಕು ಸಾವಿರಕ್ಕೂ ಮೇಲೆ ಸಾಲ ಕೊಟ್ಟಿದ್ದ ಹಿರಿಯ ಕ್ಯಾರೊಲ್ ಕೆಂಡವಾದ. ಇದು ಹಗಲುದರೋಡೆ ಎಂಬ ಧಾಟಿಯಲ್ಲಿ ಮಗನಿಗೂ ಕಂಡಕಂಡವರಿಗೂ ಬರೆದ. ಆ ಹೊತ್ತಿಗೆ ಮಗ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದ. ಸಹಿ ಹಾಕಿದವರಲ್ಲಿ ಅವನೊಬ್ಬನೇ ಕ್ಯಾಥೊಲಿಕ. ಕಾಯಿದೆ ಅನ್ಯಾಯದ್ದೆಂದು ಅವನೂ ಒಪ್ಪಿದ. ಆದರೆ ದೊಡ್ಡ ಕ್ರಾಂತಿ ನಡೆಯುವಾಗ ಕೆಲವರಿಗೆ ಅನ್ಯಾಯವಾಗದೆ ಇರುವುದಿಲ್ಲ, ಈ ನಷ್ಟವನ್ನು ನುಂಗಿಕೊಳ್ಳದಿದ್ದರೆ ನಮ್ಮಂಥವರು ಎಲ್ಲವನ್ನೂ ಕಳೆದುಕೊಳ್ಳುತ್ತೇವೆ ಎಂದು ಅಪ್ಪನಿಗೆ ತಿಳಿಹೇಳಿದ. ಸಿರಿವಂತ ವರ್ಗವೊಂದು ಕ್ರಾಂತಿಯ ಜೊತೆ ಹೇಗೆ ರಾಜಿಯಾಯಿತು ಎಂಬುದನ್ನು ಇಷ್ಟು ನಿಚ್ಚಳವಾಗಿ ಹೇಳುವ ರಾಜಕೀಯ ಭಾಷಣ ನಾನು ಓದಿದ್ದರಲ್ಲಿ ಇಲ್ಲ. ಇಲ್ಲಿ ಅದು ಬಂದಿರುವುದು ಸಾಲ ವಸೂಲಿಯ ಜಗಳದಲ್ಲಿ, ಮುದಿ ಅಪ್ಪನ ಸಿಟ್ಟನ್ನು ಇಳಿಸುವ ಮಗನ ಬಾಯಿಂದ.

ಅದೇ ಮಗ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರ ಪೈಕಿ ಕೊನೆಯವನಾಗಿ ತೊಂಬತ್ತೈದರವರೆಗೆ ಬದುಕಿ 1832ರಲ್ಲಿ ತೀರಿಕೊಂಡ. ಗುಲಾಮಗಿರಿ ಕೆಡುಕೆಂದು ಒಪ್ಪುತ್ತಿದ್ದ. ಬಿಡುಗಡೆಯಾದ ಕಪ್ಪು ಜನರನ್ನು ಆಫ್ರಿಕಾಕ್ಕೆ ಕಳಿಸುವ ಸಂಘದ ಅಧ್ಯಕ್ಷನೂ ಆಗಿದ್ದ. ತನ್ನ ಜಮೀನುಗಳಲ್ಲಿದ್ದ ನೂರಾರು ಗುಲಾಮರನ್ನು ಮಾತ್ರ ಬಿಡುಗಡೆ ಮಾಡಲಿಲ್ಲ. ಅವನ ಅಭಿಪ್ರಾಯ ತಿಳಿಯಲು ಪತ್ರಗಳು ಸಾಕು; ಆ ಅಭಿಪ್ರಾಯಕ್ಕೆ ಅವನು ಎಷ್ಟು ಬೆಲೆ ತೆರಲು ಸಿದ್ಧನಿದ್ದ ಎಂದು ತಿಳಿಯಲು ಖಾತೆ ಪುಸ್ತಕವೇ ಬೇಕು.

ಹಾಫ್‌ಮನ್ ಮತ್ತು ಸಂಗಡಿಗರು 2001ರಲ್ಲಿ ಈ ತಂದೆ ಮಗನ ಪತ್ರಗಳನ್ನು ಮೂರು ಸಂಪುಟಗಳಲ್ಲಿ ತಂದರು. ಮದುವೆಯ ಮಾತು, ಕಬ್ಬಿಣದ ಕಾರ್ಖಾನೆ, ಗುಲಾಮರ ಕಾಯಿಲೆ, ಬಡ್ಡಿ ಎಲ್ಲವೂ ಅಲ್ಲಿ ತಾರೀಕಿನ ಸಾಲಿನಲ್ಲಿ ನಿಂತಿವೆ. ಅಪ್ಪ ಮಗ ಬದುಕಿದ್ದೂ ಅದೇ ಕ್ರಮದಲ್ಲಿ. ಯಾವುದೇ ಮನೆತನದ ಕಾಗದಗಳಿಗೆ ಇದೇ ನ್ಯಾಯ ಸಲ್ಲಬೇಕು: ವಿಷಯವಾರು ಬೇಡ, ಆಯ್ದ ಭಾಗ ಬೇಡ, ತಾರೀಕು ಹಿಡಿದು ಜೋಡಿಸಿ. ಎಲ್ಲವನ್ನೂ ಅಚ್ಚು ಹಾಕಲು ದುಡ್ಡು ಸಾಲದ ಕಡೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಡಿ. ಖರ್ಚು ಕಡಿಮೆ ಮಾಡಲೇಬೇಕಾಗಿ ಬಂದರೆ, ಮೊದಲು ಕೈಬಿಡುವ ಪುಟಗಳು ಹೆಸರಿರುವ ಪಟ್ಟಿಗಳಾಗದಿರಲಿ.